ಕೊಸರನ್ನು ಯಾರು ಬರೆಯುತ್ತಾರೆ?

ಇವತ್ತು ಬೆಳಿಗ್ಗೆ ಗಂಗಾವತಿಯ ಕಾಯಿಪಲ್ಯೆ ಮಾರ್ಕೆಟ್ಟಿನಲ್ಲಿ ಅರ್ಧ ಕಿಲೋ ಬದನೆಕಾಯಿ ತೆಗೆದುಕೊಂಡೆ. ಮಾರುವ ಹೆಂಗಸಿನ ಮುಂದೆ ಈಗ ಕಲ್ಲಿನ ತಕ್ಕಡಿ ಇಲ್ಲ, ಕೆಂಪು ಅಂಕಿ ಮಿನುಗುವ ಬ್ಯಾಟರಿ ತಕ್ಕಡಿ ಬಂದಿದೆ. ಅಂಕಿ ಐನೂರ ಮೂವತ್ತಕ್ಕೆ ಹೋಯಿತು. ಆಕೆ ದಪ್ಪ ಕಾಯಿಯೊಂದನ್ನು ತೆಗೆದು ಸಣ್ಣದನ್ನಿಟ್ಟಳು, ಅದನ್ನೂ ತೆಗೆದು ಇನ್ನೊಂದಿಟ್ಟಳು, ಕೊನೆಗೆ ಐನೂರರ ಮೇಲೆ ಒಂದೆರಡೇ ಗ್ರಾಂ ಉಳಿದಾಗ ಸಮಾಧಾನವಾಗಿ ಚೀಲಕ್ಕೆ ಸುರಿದಳು. ಇಷ್ಟು ಬಿಗಿಯಾಗಿ ತೂಗಿದ ಅದೇ ಕೈ, ಮರುಕ್ಷಣವೇ ನಾಲ್ಕು ಹಸಿಮೆಣಸಿನಕಾಯಿಯನ್ನೂ ಒಂದು ಹಿಡಿ ಕೊತ್ತಂಬರಿಯನ್ನೂ ತಕ್ಕಡಿಯ ಕಡೆ ನೋಡದೆಯೇ ಚೀಲಕ್ಕೆ ಎಸೆಯಿತು.

ಎರಡು ವರ್ಷದ ಹಿಂದೆ ಆಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಆಕೆಗಲ್ಲದಿದ್ದರೂ ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದೆ: ತೂಕದ ಮೇಲೆ ಕೊಸರು ಎಂದು ಹಾಕುವ ಈ ಕೊತ್ತಂಬರಿ ಪುಕ್ಕಟೆ ಅಲ್ಲ, ಅದರ ಬೆಲೆ ಬದನೆಕಾಯಿಯೊಳಗೇ ಕೂತಿದೆ, ಕೊಡುವವರು ಉದಾರಿಗಳೂ ಅಲ್ಲ, ತಗೊಳ್ಳುವವರು ಲಾಭವಂತರೂ ಅಲ್ಲ. ಇವತ್ತು ಚೀಲದ ಬಾಯಿ ಅಗಲ ಮಾಡಿ ಹಿಡಿದು ಸುಮ್ಮನೆ ನಿಂತೆ. ಆಕೆ ನನ್ನ ಮುಖ ನೋಡಿ, “ಸಾಲ್ದೇನ ತಂಗಿ?” ಎಂದು ಇನ್ನೆರಡು ಮೆಣಸಿನಕಾಯಿ ಹಾಕಿದಳು. ನಾನು ಸುಮ್ಮನೆ ನಿಂತದ್ದು ಅದಕ್ಕಲ್ಲ ಎಂದು ಹೇಳಲು ಹೋಗಲಿಲ್ಲ. ಕುಕನೂರಿಗೆ, ಅವ್ವನ ಮನೆಗೆ ಹೊರಟಿದ್ದೆ. ಬಸ್ಸಿಗೆ ಹೊತ್ತಾಗಿತ್ತು.

ನನ್ನ ಬಗ್ಗೆ ಒಂದಿಷ್ಟು ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಗಂಗಾವತಿಯ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಯಾರೂ ಊಟಕ್ಕೆ ಏಳಿಸದ ಅತಿಥಿ. ಅದಕ್ಕೂ ಮೊದಲು, ಹೈಸ್ಕೂಲಿನಿಂದ ಎಂ.ಎ.ವರೆಗೆ, ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವಾಗಿ ಅಂದರೆ ಪರವಾಗಿ, ವಿರೋಧವಾಗಿ ಅಂದರೆ ವಿರೋಧವಾಗಿ. ಚೀಟಿಯಲ್ಲಿ ಯಾವುದು ಬಂತೋ ಅದೇ ನನ್ನ ಆ ದಿನದ ನಂಬಿಕೆ. ಯಲಬುರ್ಗಾ, ಕುಷ್ಟಗಿ, ಕೊಪ್ಪಳ ಎಂದು ಎಲ್ಲಿ ಸ್ಪರ್ಧೆ ನಡೆದರೂ ಹೋಗಿ ವಾದಿಸಿ, ಬಹುಮಾನವಾಗಿ ಸ್ಟೀಲಿನ ಪಾತ್ರೆ ತರುತ್ತಿದ್ದೆ. ನಮ್ಮ ಮನೆಯ ಅರ್ಧ ಅಡುಗೆಮನೆ ನನ್ನ ಬಾಯಿಯಿಂದ ಬಂದದ್ದು. ಅವ್ವ ಈಗಲೂ ಹಿಟ್ಟು ನಾದುವ ಬೋಗುಣಿಯ ಅಂಚಿನಲ್ಲಿ ‘ಪ್ರಥಮ ಬಹುಮಾನ’ ಎಂದು ಚುಕ್ಕೆಚುಕ್ಕೆಯಾಗಿ ಕೊರೆದಿದೆ. ಮನೆಗೆ ಬಂದವರಿಗೆ ಅಪ್ಪ ಅದನ್ನು ತೋರಿಸಿ, “ನನ್ನ ಮಗಳು ಜಗಳಾ ಮಾಡಿ ತಂದಿದ್ದು” ಎನ್ನುತ್ತಾನೆ.

ಅಪ್ಪ ಕುಕನೂರಿನ ಧಾನ್ಯದ ಅಂಗಡಿಗಳಲ್ಲಿ ಚೀಲ ಹೊರುವ ಹಮಾಲ. ಅವ್ವ ಅಲ್ಲಿಯ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯಾಕೆ. ದೊಡ್ಡ ಪಾತ್ರೆ ಎತ್ತುವುದು, ಇಳಿಸುವುದು, ಅನ್ನ ಬಸಿಯುವುದು, ಹೀಗೆ ಹದಿನಾಲ್ಕು ವರ್ಷ ಮಾಡಿದ ಮೇಲೆ ಆಕೆಯ ಹೊಕ್ಕಳ ಹತ್ತಿರ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಮಲಗಿದಾಗ ಹೋಗುತ್ತದಲ್ಲ ಎಂಬ ಒಂದೇ ಸಾಕ್ಷ್ಯದ ಮೇಲೆ ಅವ್ವ ಅದನ್ನು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ.

ಕೊಪ್ಪಳದ ಡಾಕ್ಟರು ಮುಟ್ಟಿ ನೋಡಿ ಹರ್ನಿಯಾ ಎಂದರು. ಯಲಬುರ್ಗಾದ ಕಡೆಯವರು, ಮಾತು ನಮ್ಮದೇ. “ನೋಡಬೇ, ಆಪರೇಷನ್ ಮಾಡಾಕ ನನಗೇನೂ ತೊಂದ್ರಿ ಇಲ್ಲ. ಆದ್ರ ಈ ತೂಕದಾಗ ಹೊಲಿಗಿ ನಿಲ್ಲಂಗಿಲ್ಲ. ಎಂಟು ಕಿಲೋ ಇಳಿಸಿಕೊಂಡು ಬರ್ರಿ. ಅಲ್ಲೀತನಕ ಭಾರ ಎತ್ತಬ್ಯಾಡ್ರಿ.”

ಅದು ಡಿಸೆಂಬರ್. ಬೇಸಿಗೆ ರಜೆಯಲ್ಲಿ ಆಪರೇಷನ್ ಆದರೆ ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಅವ್ವ ಮತ್ತೆ ಒಲೆಯ ಮುಂದೆ ನಿಲ್ಲಬಹುದಿತ್ತು. ಆಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ, ಅಷ್ಟೇ. ಯಾರದೂ ತಪ್ಪಿಲ್ಲ, ನೂರಾರು ಮಕ್ಕಳು ಒಬ್ಬ ಹೆಂಗಸಿನ ಹೊಕ್ಕಳಿಗಾಗಿ ಉಪವಾಸ ಕೂರಲಾಗದು. ಸದ್ಯಕ್ಕೆ ಜೊತೆಯ ಅಡುಗೆಯಾಕೆ ಪಾತ್ರೆ ಎತ್ತುವುದೆಂದೂ ಅವ್ವ ಬೇಳೆ ಆರಿಸಿ, ಒಗ್ಗರಣೆ ಹಾಕಿ, ಬಡಿಸುವುದೆಂದೂ ಅವರವರಲ್ಲೇ ಒಪ್ಪಂದವಾಯಿತು. ಉಳಿದದ್ದು ನಾಲ್ಕು ತಿಂಗಳು ಮತ್ತು ಎಂಟು ಕಿಲೋ.

ತೂಕ ಇಳಿಸುವ ವಿಷಯ ಬಂದ ಕೂಡಲೇ ಊರೆಲ್ಲ ವೈದ್ಯರಾಗುತ್ತಾರೆ, ನಿಮಗೆ ಗೊತ್ತಲ್ಲ. ಒಬ್ಬರು ಜೀರಿಗೆ ನೀರು ಅಂದರು, ಒಬ್ಬರು ಅನ್ನ ಬಿಡು ರೊಟ್ಟಿ ತಿನ್ನು ಅಂದರು, ಇನ್ನೊಬ್ಬರು ಡಬ್ಬಿಯಲ್ಲಿ ಬರುವ ಪುಡಿಯೊಂದನ್ನು ನೀರಿಗೆ ಕಲಸಿ ಕುಡಿ ಎಂದರು. ನಾನು ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ: ಯಾರು ಇಳಿದರು? ಎಷ್ಟು ದಿನದಲ್ಲಿ? ಆಮೇಲೆ ಏರಲಿಲ್ಲವೇ? ಸಂಬಂಧಿಕರ ವಾಟ್ಸಾಪ್ ಗುಂಪು ಎರಡೇ ದಿನದಲ್ಲಿ ಮೌನವಾಯಿತು. ನಾನು ಗೆದ್ದಿದ್ದೆ. ಎಲ್ಲರ ಮಾತು ಮುರಿದ ಮೇಲೆ ಮುರಿದವಳೇ ದಾರಿ ತೋರಿಸಬೇಕಲ್ಲ, ಅವ್ವನ ಅಡುಗೆಮನೆಗೆ ಒಂದು ಪುಟ್ಟ ತಕ್ಕಡಿ ತಂದುಕೊಟ್ಟೆ. ತಿಂದದ್ದು ಕಡಿಮೆಯಾದರೆ ತೂಕ ಕಡಿಮೆಯಾಗುತ್ತದೆ. ಕಡಿಮೆಯಾಗಿದೆಯೋ ಇಲ್ಲವೋ ಎಂಬುದು ಅಳೆದರೆ ಮಾತ್ರ ಗೊತ್ತಾಗುತ್ತದೆ. ಅಳೆದದ್ದನ್ನು ಬರೆದಿಟ್ಟರೆ ಮಾತ್ರ ನೆನಪಿರುತ್ತದೆ. ಇಷ್ಟೇ ನನ್ನ ವಾದ. ಇದರಲ್ಲಿ ತೂತು ಹುಡುಕಿ ಎಂದು ಈಗಲೂ ಸವಾಲು ಹಾಕುತ್ತೇನೆ. ತೂತು ಇದ್ದದ್ದು ವಾದದಲ್ಲಲ್ಲ.

ಅವ್ವ ಒಂದು ನೋಟಬುಕ್ಕಿನಲ್ಲಿ ದಿನದ ಊಟ ಬರೆದು ಸಂಜೆ ಅದರ ಫೋಟೋ ಕಳಿಸುವುದು, ನಾನು ಅದನ್ನು ಮೊಬೈಲಿನ ಕ್ಯಾಲೊರಿ ಆ್ಯಪಿಗೆ ಹಾಕುವುದು. ಒಬ್ಬಳೇ ಪಥ್ಯ ಮಾಡಿದರೆ ಬೇಜಾರಾದೀತೆಂದು ನಾನೂ ನನ್ನ ಊಟ ಬರೆಯತೊಡಗಿದೆ. ನನಗೂ ನಾಲ್ಕು ಕಿಲೋ ಇಳಿಯುವುದಿತ್ತು. ಆ ಆ್ಯಪಿಗೆ ಜಗತ್ತಿನ ಎಲ್ಲ ತಿಂಡಿ ಗೊತ್ತು. ನಾನು ಹೆಸರನ್ನೂ ಕೇಳದ ಮೀನು, ಹೆಸರನ್ನೂ ಹೇಳಲಾಗದ ಚೀಸು. ಪುಂಡಿಪಲ್ಯೆ ಗೊತ್ತಿಲ್ಲ. ಗುರೆಳ್ಳು ಚಟ್ನಿ ಎಂದು ಬರೆದರೆ ಹಣ್ಣಿನ ಯಾವುದೋ ಚಟ್ನಿ ತೋರಿಸುತ್ತಿತ್ತು. ಜೋಳದ ರೊಟ್ಟಿ ಎಂದರೆ ಯಾವ ಜೋಳ ಎಂದು ತಿಳಿಯದೆ ಗೋವಿನಜೋಳದ್ದು ಕೊಡುತ್ತಿತ್ತು. ಕೊನೆಗೆ ಹಿಟ್ಟು, ಬೇಳೆ, ಎಣ್ಣೆ, ಶೇಂಗಾ ಎಂದು ಬಿಡಿಬಿಡಿಯಾಗಿ ಹಸಿಯಾಗಿಯೇ ತೂಗಿ ಬರೆಯುವುದೆಂದು ತೀರ್ಮಾನಿಸಿದೆವು. ಒಂದು ರೊಟ್ಟಿಗೆ ಐವತ್ತು ಗ್ರಾಂ ಹಿಟ್ಟು, ಹೊತ್ತಿಗೆ ಎರಡು ರೊಟ್ಟಿ.

“ಗ್ರಾಮ್ ಲೆಕ್ಕ ನನಗ ಹೇಳಿಕೊಡತೀಯೇನ?” ಎಂದು ಅವ್ವ ನಕ್ಕಿದ್ದಳು. ನಿಜವೇ. ಒಂದು ಮಗುವಿಗೆ ಅಕ್ಕಿ ಇಷ್ಟು, ಬೇಳೆ ಇಷ್ಟು, ಎಣ್ಣೆ ಇಷ್ಟು ಎಂದು ಆಕೆಯ ಶಾಲೆಯ ಅಡುಗೆಕೋಣೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿದೆ. ಹಾಜರಾತಿ ಕೇಳಿ ಬಾಯಲ್ಲೇ ಗುಣಿಸಿ ಅಕ್ಕಿ ಅಳೆಯುವ ಹೆಂಗಸು ಆಕೆ. ನೋಟಬುಕ್ಕಿನ ಪುಟಗಳು ಅಷ್ಟೇ ಚೊಕ್ಕವಾಗಿದ್ದವು. ‘ಬೆಳಿಗ್ಗೆ. ರೊಟ್ಟಿ 2, ಹಿಟ್ಟು 100. ಬ್ಯಾಳಿ 30. ಶೇಂಗಾ ಹಿಂಡಿ 10. ಎಣ್ಣಿ ಚಮಚ 1.’ (ಹಿಂಡಿ ಎಂದರೆ ನಮ್ಮ ಕಡೆ ಚಟ್ನಿಪುಡಿ.) ಕೆಳಗೆ ಶಾಲೆಯ ದಾಖಲೆಗೆ ಹಾಕುವಂತೆ ಪೂರ್ತಿ ಹೆಸರಿನ ಸಹಿ.

ಅಪ್ಪನಿಗೆ ಮಾತ್ರ ಇದು ಹಿಡಿಸಲಿಲ್ಲ. ಫೋನಿನಲ್ಲಿ ಹೇಳುತ್ತಿದ್ದ: “ಅಲ್ಲವಾ, ನಾ ದಿನಾ ಕ್ವಿಂಟಲ್‌ಗಟ್ಟಲೆ ಹೊರಾಂವ. ಮನಿಗೆ ಬಂದ್ರ ನಿಮ್ಮವ್ವ ಸೋಪಿನ ಡಬ್ಬಿಯಂಥಾ ತಕ್ಕಡಿ ಮುಂದ ಉಸಿರು ಬಿಗಿ ಹಿಡಕೊಂಡು ಕುಂತಿರತಾಳ. ಕೆಮ್ಮಾಕೂ ಅಂಜಿಕಿ ಬರ್ತೈತಿ, ಎಲ್ಲಿ ಅಂಕಿ ಅಳ್ಳಾಡೀತು ಅಂತ.”

ಮೊದಲ ತಿಂಗಳು ಎರಡೂವರೆ ಕಿಲೋ ಇಳಿಯಿತು. ನಾನು ಕುಣಿದಾಡಿದೆ. ಜನವರಿ ಮಧ್ಯದಿಂದ ಮುಳ್ಳು ನಿಂತುಬಿಟ್ಟಿತು. ಪ್ರತಿ ಭಾನುವಾರ ಅವ್ವ ಔಷಧಿ ಅಂಗಡಿಯ ಮಶೀನಿನ ಮೇಲೆ ನಿಂತು ಫೋನ್ ಮಾಡುತ್ತಿದ್ದಳು: “ಅಷ್ಟ ಐತಿ.” ಮರುವಾರ, “ಅಷ್ಟ ಐತಿ.” ಇನ್ನೊಂದು ವಾರ ಕಾಲು ಕಿಲೋ ಏರಿತ್ತು. ನೋಟಬುಕ್ಕು ಮಾತ್ರ ಇಳಿಯಬೇಕು ಎನ್ನುತ್ತಿತ್ತು. ನಾನು ಲೆಕ್ಕವನ್ನು ಮೂರು ಸಲ ಹಾಕಿದೆ. ಆ್ಯಪು ತಪ್ಪಿರಬಹುದೇ? ಬೇಳೆ, ಹಿಟ್ಟು ಅಂಥ ಬ್ರಹ್ಮವಿದ್ಯೆಯಲ್ಲ. ತಕ್ಕಡಿ ತಪ್ಪಿರಬಹುದೇ? ಅಂಗಡಿಯ ಕಾಲು ಕಿಲೋ ಸಕ್ಕರೆ ಪೊಟ್ಟಣ ಇಟ್ಟು ಪರೀಕ್ಷಿಸಿದ್ದೆವು, ಸರಿಯಿತ್ತು. ಚರ್ಚೆಯಲ್ಲಿ ನಮಗೆ ಕಲಿಸುವ ರೀತಿ ಹೀಗೆ: ಒಂದೊಂದೇ ಸಾಧ್ಯತೆ ಕಡಿಯುತ್ತ ಹೋಗು, ಉಳಿದದ್ದೇ ಸತ್ಯ. ಉಳಿದದ್ದು ಅವ್ವ.

ಫೋನ್ ಹಚ್ಚಿ ಪಾಟೀಸವಾಲು ಶುರುಮಾಡಿದೆ.

“ಅವ್ವಾ, ಸಾಲ್ಯಾಗ ಮಕ್ಕಳ ಅನ್ನಾ ಏನರ ತಿಂತೀಯೇನ?”

“ಉಪ್ಪು ನೋಡ್ತೀನಿ. ಒಂದಗಳು. ಉಗಳಿಬಿಡ್ತೀನಿ.”

“ಚಾಕ್ಕ ಸಕ್ರಿ?”

“ಅಳದ ಹಾಕ್ತೀನಿ, ಬರದೀನಲ್ಲ.”

“ಹಂಗಾರ ತೂಕ ಯಾಕ ಇಳೀವಲ್ದು?”

“ನನಗೇನ ಗೊತ್ತವಾ. ನೀನ ಓದಿದಾಕಿ.”

ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು ಎಂದು ಈಗ ಹೇಳಬಲ್ಲೆ. ಫೆಬ್ರವರಿ ಬಂದಿತ್ತು, ಇನ್ನೂ ಐದೂವರೆ ಕಿಲೋ ಉಳಿದಿತ್ತು, ಗಂಟು ನಿಂಬೆಹಣ್ಣಿನಿಂದ ಮೋಸಂಬಿಯ ಕಡೆ ಹೊರಟಿತ್ತು. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಹೆದರಿಕೆಯಲ್ಲ. “ಹಂಗಾರ ನೀ ಸುಳ್ಳು ಬರಿಯಾಕತ್ತಿ,” ಎಂದೆ.

ಅವ್ವ, “ಹಾಲು ಉಕ್ಕಾಕತ್ತೈತಿ, ಇಡತೀನಿ,” ಎಂದು ಫೋನ್ ಇಟ್ಟಳು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಹಾಲು ಇರುವುದಿಲ್ಲ.

ಮರುದಿನ ಫೋಟೋ ಬರಲಿಲ್ಲ. ಅದರ ಮರುದಿನವೂ. ಒಂಬತ್ತು ದಿನ ಬರಲಿಲ್ಲ. ಮಾತು ಬಿಟ್ಟಿರಲಿಲ್ಲ; ನಾನು ಫೋನ್ ಮಾಡಿದರೆ ಎತ್ತುತ್ತಿದ್ದಳು, ಉಂಡೆಯಾ ಎನ್ನುತ್ತಿದ್ದಳು, ಬಿಸಿಲಿನ ಬಗ್ಗೆ ಹೇಳುತ್ತಿದ್ದಳು. ನೋಟಬುಕ್ಕಿನ ಬಗ್ಗೆ ಕೇಳಿದರೆ ಅಪ್ಪನ ಕೈಗೆ ಫೋನ್ ಹೋಗುತ್ತಿತ್ತು. “ಏನಂದೀಯವಾ ನಿಮ್ಮವ್ವಗ?” ಎಂದ ಅಪ್ಪ ಒಂದು ದಿನ. “ತಕ್ಕಡಿ ಒರಸಿ ಅರಿವ್ಯಾಗ ಸುತ್ತಿ ಅಟ್ಟಕ್ಕ ಇಟ್ಟಾಳ.”

ಆ ದಿನಗಳಲ್ಲಿ ಒಂದು ಸಂಜೆ ನಾನೂ ಗೆಳತಿ ನಾಗವೇಣಿಯೂ ಗಾಡಿಯ ಮುಂದೆ ನಿಂತು ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದೆವು. ನಾಗವೇಣಿ ಪಕ್ಕದ ಮರಳಿ ಎಂಬ ಊರಿನವಳು, ನನ್ನ ಕಾಲೇಜಿನಲ್ಲೇ ಕೆಲಸ. ಮಂಡಕ್ಕಿಯ ಒಗ್ಗರಣಿಯ ಪಕ್ಕ ಎರಡು ಮೆಣಸಿನಕಾಯಿ ಬಜ್ಜಿ ಬರಬೇಕು. ಪಥ್ಯದ ಕಾರಣ ನಾನು ಒಂದೇ ಹಾಕಿಸಿಕೊಂಡಿದ್ದೆ. ತಿಂದು ಕೈ ಒರೆಸಿಕೊಂಡು ಆ್ಯಪು ತೆರೆದು ‘ಮಿರ್ಚಿ ಒಂದು’ ಎಂದು ಬರೆದೆ. ನಾಗವೇಣಿ ಇಣುಕಿ ನೋಡಿದಳು.

“ನನ್ನ ಪ್ಲೇಟಿನ್ಯಾಗಿನ ಅರ್ಧ ಯಾರ ಹೊಟ್ಟ್ಯಾಗ ಹೋತು?”

“ಅದು ನಿಂದು. ರುಚಿ ನೋಡಿದ್ದು.”

“ದಿನಾ ನೋಡ್ತೀಯಲ್ಲ ರುಚಿ. ಗಾಡಿಯಾಂವ ಕಡೀಕ ಹಾಕಿದ ಮಂಡಕ್ಕಿ?”

“ಅದು ಅಂವ ಸುಮ್ಮನ ಹಾಕಿದ್ದು!”

“ಸುಮ್ಮನ ಹಾಕಿದ್ದು ಸುಮ್ಮನ ಕುಂತೈತೇನ ಹೊಟ್ಟ್ಯಾಗ?”

ನನ್ನ ನಾಲ್ಕು ಕಿಲೋದಲ್ಲಿ ಒಂದೂ ಇಳಿದಿರಲಿಲ್ಲ. ಅದಕ್ಕೆ ನಾನು ಶರೀರಪ್ರಕೃತಿ, ನಿದ್ರೆಯ ಕೊರತೆ ಮುಂತಾದ ಘನವಾದ ಕಾರಣಗಳನ್ನು ಹುಡುಕಿಕೊಂಡಿದ್ದೆ. ನನ್ನ ವಿಷಯಕ್ಕೆ ಬಂದಾಗ ‘ಸುಳ್ಳು’ ಎಂಬ ಪದ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಆ ಶನಿವಾರ ಮಧ್ಯಾಹ್ನ ಹೇಳದೆ ಕೇಳದೆ ಕುಕನೂರಿಗೆ ಹೋದೆ.

ಅವ್ವ ಆಗಷ್ಟೇ ಶಾಲೆಯಿಂದ ಬಂದಿದ್ದಳು. ನನ್ನನ್ನು ನೋಡಿ ನೀರು ಕೊಟ್ಟಳು. ನಾನು ಕ್ಷಮೆಯನ್ನು ಬಸ್ಸಿನಲ್ಲೇ ಮನಸ್ಸಿನಲ್ಲಿ ಬರೆದುಕೊಂಡು ಬಂದಿದ್ದೆ. ಪೀಠಿಕೆ, ಮುಖ್ಯಾಂಶ, ಮುಕ್ತಾಯ. ಬಾಯಿಂದ ಬಂದದ್ದು “ಹಸಿವಾಗೇತಿ” ಎಂಬುದೊಂದೇ. ಅವ್ವ ಒಲೆ ಹಚ್ಚಿದಳು. ಆಮೇಲೆ ನನಗೇನೋ ಉತ್ತರ ಕೊಡುವವಳಂತೆ ಅಟ್ಟದಿಂದ ತಕ್ಕಡಿಯನ್ನು ಇಳಿಸಿ, ಅರಿವೆ ಬಿಚ್ಚಿ, ನನ್ನ ಕಣ್ಣೆದುರಿಗೇ ಇಟ್ಟಳು. ತಟ್ಟೆ ಇಟ್ಟು ಸೊನ್ನೆ ಮಾಡಿದಳು. ಹಿಟ್ಟು ಹಾಕಿದಳು. ತೊಂಬತ್ತಾರು, ತೊಂಬತ್ತೊಂಬತ್ತು, ನೂರು. “ನೋಡಿದೆಲ್ಲ?” ಎಂದಳು.

“ನೋಡಿದೆ.”

ಹಿಟ್ಟನ್ನು ‘ಪ್ರಥಮ ಬಹುಮಾನ’ದ ಬೋಗುಣಿಗೆ ಸುರಿದಳು. ಸುರಿದು, ಕೈ ಹಿಂದಕ್ಕೆ ತಂದು, ಡಬ್ಬಿಯಿಂದ ಐದೂ ಬೆರಳು ಕೂಡಿಸಿ ಒಂದು ಚಿಮಟಿಗಿಂತ ಹೆಚ್ಚು, ಹಿಡಿಗಿಂತ ಕಡಿಮೆ ಹಿಟ್ಟು ತೆಗೆದು ಮೇಲೆ ಉದುರಿಸಿದಳು. ಆಕೆಯ ಕಣ್ಣು ಆಗ ಒಲೆಯ ಕಡೆ ಇತ್ತು.

“ಅವ್ವಾ, ಅದೇನದು?”

“ಯಾವುದು?”

“ಈಗ ಹಾಕಿದೆಲ್ಲ, ಮ್ಯಾಲ.”

ಅವ್ವ ಬೋಗುಣಿಯನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. “ಅದಾ? ಅದು ಕೊಸರು.”

“ಅದನ್ನ ಬರದಿಲ್ಲ ನೀ.”

“ಕೊಸರು ಯಾರು ಬರೀತಾರ?” ಅವ್ವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಅಳತಿ ಬರಿ ಅಂದಿ. ಅಳತಿ ಬರದೀನಿ. ಕೊಸರು ಅಳತ್ಯಾಗ ಬರಂಗಿಲ್ಲ.”

ಬೇಳೆಗೂ ಹಾಗೇ, ಶೇಂಗಾ ಹಿಂಡಿಗೂ ಹಾಗೇ. ಎಣ್ಣೆಗೆ ಒಂದು ಚಮಚ, ಆಮೇಲೆ ಬಾಟಲಿ ಎತ್ತುವಾಗ ಒಂದು ಧಾರೆ. ಎಲ್ಲವನ್ನೂ ಗ್ರಾಮಿನವರೆಗೆ ತೂಗಿ, ಪ್ರಾಮಾಣಿಕವಾಗಿ ಬರೆದು, ಪ್ರತಿಯೊಂದರ ಮೇಲೂ ಕೊಸರು ಹಾಕುತ್ತಿದ್ದಳು. ಮೊದಮೊದಲು ತಕ್ಕಡಿಯ ಹೊಸ ಭಯಕ್ಕೆ ಕೈ ತಡೆದಿತ್ತಂತೆ. ರೂಢಿಯಾದ ಮೇಲೆ ಕೈ ತನ್ನ ದಾರಿ ಹಿಡಿದಿತ್ತು. ಚರ್ಚೆಯ ಮೊದಲ ಪಾಠವೆಂದರೆ ಪದದ ಅರ್ಥವನ್ನು ಮೊದಲೇ ಒಪ್ಪಿಕೊಳ್ಳುವುದು. ಹತ್ತು ವರ್ಷ ಬೇರೆಯವರಿಗೆ ಆ ಪಾಠ ಹೇಳಿದ ನಾನು, ‘ಅಳತೆ’ ಎಂದರೆ ಏನು ಎಂದು ಅವ್ವನನ್ನು ಕೇಳಿರಲಿಲ್ಲ.

ಆದರೂ ನಾನು ನಾನೇ ಅಲ್ಲವೇ, ಬಿಡಲಿಲ್ಲ. “ಅಂಗಡಿಯಾಂವ ಗಿರಾಕಿಗೆ ಕೊಸರು ಕೊಡ್ತಾನ. ನೀ ಯಾರಿಗೆ ಕೊಡಾಕತ್ತಿ? ಕೊಡಾಕಿನೂ ನೀನ, ತಗೊಳ್ಳಾಕಿನೂ ನೀನ. ಇದು ಎಂಥಾ ವ್ಯವಹಾರ?”

ಅವ್ವ ಹಿಟ್ಟು ನಾದುತ್ತಿದ್ದಳು. ನಾದುವುದನ್ನು ನಿಲ್ಲಿಸದೆಯೇ ಹೇಳಿದಳು. “ಹದಿನಾಕ ವರ್ಷಾತು ಸೌಟು ಹಿಡದು. ಗ್ವಾಡಿ ಮ್ಯಾಲ ಬರದಷ್ಟು ಹಾಕಿ, ಮ್ಯಾಲ ಒಂದೀಟು ಹಾಕದ ಒಂದ ಕೂಸಿನ ತಾಟೂ ಮುಂದ ಕಳಿಸಿಲ್ಲ ನಾನು. ಒಂದು ಕೂಸು ಬಿಡ್ತೈತಿ, ಒಂದು ಬೇಡ್ತೈತಿ, ಪಾತ್ರಿ ತಾನ ಸರಿ ಮಾಡ್ಕೊಂತೈತಿ. ಬರೇ ಅಳತಿ ಹಾಕಿದ್ರ ಅದು ಊಟ ಅಲ್ಲ, ರೇಶನ್ನು.” ಒಂದು ಉಂಡೆ ಹರಿದು ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಇಟ್ಟಳು. “ನನ್ನ ತಾಟಿಗೆ ಹಾಕಾವ್ರು ಯಾರದಾರ ಮನ್ಯಾಗ? ನಾನ ಹಾಕ್ಕೋಬೇಕಲ್ಲ.”

ತಪತಪ ರೊಟ್ಟಿ ಬಡಿಯತೊಡಗಿದಳು. ನಾನು ಎದುರುವಾದಕ್ಕೆ ಆಧಾರ ಹುಡುಕಿದೆ. ನೆನಪಿನಲ್ಲಿ ಎಷ್ಟು ಹಿಂದೆ ಹೋದರೂ, ಅವ್ವನ ತಾಟಿಗೆ ಬೇರೆಯವರ ಕೈಯಿಂದ ಏನಾದರೂ ಬಿದ್ದದ್ದು ಸಿಗಲಿಲ್ಲ. ಅಪ್ಪ ಉಣ್ಣುತ್ತಿದ್ದ, ನಾನು ಉಣ್ಣುತ್ತಿದ್ದೆ, ಅವ್ವ ಬಡಿಸುತ್ತಿದ್ದಳು. ನಾವು ಎದ್ದ ಮೇಲೆ ಅವ್ವ ಒಲೆಯ ಪಕ್ಕ ಕೂತು ತಾನೇ ಹಾಕಿಕೊಂಡು ಉಣ್ಣುತ್ತಿದ್ದಳು. ಸಮಾನತೆಯ ಬಗ್ಗೆ ನಾನು ಮಾತಾಡಿ ತಂದ ಬೋಗುಣಿಯಲ್ಲೇ ಹಿಟ್ಟು ಇತ್ತು.

ಹೋಗಲಿ, ಈ ಮಾತಿನಿಂದ ನನ್ನ ಮನಸ್ಸು ಕರಗಿತು, ಅಂದಿನಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ನೀವು ನಂಬಬಾರದು. ಮನಸ್ಸು ಕರಗಿದರೆ ಕಿಲೋ ಇಳಿಯುವುದಿಲ್ಲ. ನಾನು ಒಂದು ಖಾಲಿ ಬಟ್ಟಲು ತಂದಿಟ್ಟೆ. “ಅವ್ವಾ, ನಾಳೆ ಒಂದಿನ ಕೊಸರು ಬೋಗುಣಿಗೆ ಹಾಕಬ್ಯಾಡ, ಇದರಾಗ ಹಾಕು. ತಿನ್ನೂದು ಬ್ಯಾಡ. ಬರೇ ನೋಡೂಣು.” ಅವ್ವ ಒಪ್ಪಿದಳು, ಆಕೆಗೂ ತಾನು ಸುಳ್ಳಿಯಲ್ಲ ಎಂದು ತೋರಿಸಬೇಕಾಗಿತ್ತು. ಭಾನುವಾರವಿಡೀ ಹಿಟ್ಟಿನ ಕೊಸರು, ಅಕ್ಕಿಯ ಕೊಸರು, ಬೇಳೆಯದು, ಹಿಂಡಿಯದು, ಚಹಾದ ಸಕ್ಕರೆಯದು ಎಲ್ಲ ಆ ಬಟ್ಟಲಿಗೆ ಬಿದ್ದವು. ಎಣ್ಣೆಯದು ಒಂದು ಸಣ್ಣ ಗ್ಲಾಸಿಗೆ. ಸಂಜೆ ಅಪ್ಪನನ್ನೂ ಕರೆದು ತೂಗಿದೆವು. ಬಟ್ಟಲಿನದು ನೂರಾ ನಲವತ್ತು ಗ್ರಾಂ, ಎಣ್ಣೆ ಬೇರೆ.

“ಇದು ಒಂದು ಹೊತ್ತಿನ ಊಟ,” ಎಂದೆ, ಮೆಲ್ಲಗೆ.

ಅವ್ವ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿದು ಅಂದಾಜು ಮಾಡಿದಳು. ತಕ್ಕಡಿಗಿಂತ ಆಕೆಗೆ ಆ ಕೈಯ ಮೇಲೆ ನಂಬಿಕೆ. “ಹೌದಲ್ಲ,” ಎಂದಳು. “ಇಷ್ಟು ಆಗ್ತೈತಿ ಅಂತ ನನಗ ಗೊತ್ತಿರಲಿಲ್ಲವಾ.”

ನನ್ನ ಬಳಿ ಪರಿಹಾರ ತಯಾರಿತ್ತು. ರೊಟ್ಟಿಯೊಂದಕ್ಕೆ ಅಳತೆ ನಲವತ್ತು, ಕೊಸರು ಹತ್ತು, ಬರೆಯುವುದು ಐವತ್ತು. ಕೊಸರೂ ಉಳಿಯಿತು, ಲೆಕ್ಕವೂ ಉಳಿಯಿತು. ಅವ್ವ ಒಂದೇ ಏಟಿಗೆ ಮುರಿದಳು. “ಅಳತಿ ಕಡಿಮಿ ಮಾಡಿ ಕೊಸರು ಹಾಕೂದು ಮೋಸ. ಮತ್ತ ಇಷ್ಟ ಹಾಕ್ತೀನಿ ಅಂತ ಮೊದಲ ಹೇಳಿ ಹಾಕಿದ್ದು ಕೊಸರ ಅಲ್ಲ.” ಅಪ್ಪ ತಲೆಯಾಡಿಸಿದ. “ಸೋತೆವಾ,” ಎಂದು ನನಗೆ ಹೇಳಿದ, ಬಹಳ ಖುಷಿಯಿಂದ.

ಆ ರಾತ್ರಿಯ ಊಟಕ್ಕೆ ಅಪ್ಪ ಎಂದಿನಂತೆ ಮೊದಲು ಕೂತ. ನಾನು ಏನೂ ಯೋಚಿಸದೆ ಅವ್ವನ ತಾಟನ್ನೂ ಪಕ್ಕಕ್ಕೆ ಇಟ್ಟೆ. ಕೂರು ಎಂದೆ. ಅವ್ವ ಮೊದಲು, ಈಗ ಹಸಿವಿಲ್ಲ ಎಂದಳು. ಒಲೆಯ ಮೇಲೆ ರೊಟ್ಟಿ ಇದೆ ಎಂದಳು. ಒಲೆಯ ಮೇಲೆ ಏನೂ ಇರಲಿಲ್ಲ. ಕೊನೆಗೆ ಕೂತಳು. ಎರಡು ರೊಟ್ಟಿ, ಬೇಳೆ, ಹಿಂಡಿ. ಎಲ್ಲ ತೂಗಿದ್ದು, ಬರೆದದ್ದು, ಒಂದು ಅಗಳೂ ಹೆಚ್ಚಿಲ್ಲ. ಅವ್ವ ರೊಟ್ಟಿಯ ಮೇಲೆ ಕೈ ಇಟ್ಟು ಸುಮ್ಮನೆ ಕೂತಿದ್ದಳು. ನಮಗಿಬ್ಬರಿಗೂ ಕಾರಣ ತಿಳಿಯುವ ಮೊದಲೇ ಅಪ್ಪನಿಗೆ ತಿಳಿಯಿತು. ತನ್ನ ರೊಟ್ಟಿಯ ಅಂಚನ್ನು ಮುರಿದ. ಎರಡು ಬೆರಳಿನಷ್ಟು ತುಣುಕು. ಅವ್ವನ ತಾಟಿಗೆ ಹಾಕಿದ. ಹಾಕಿ, ಏನೋ ತಪ್ಪು ಮಾಡಿದವನಂತೆ ನೀರು ಕುಡಿಯತೊಡಗಿದ.

“ಏನಿದು, ಮಗಳ ಮುಂದ,” ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಕೊಸರು,” ಎಂದ ಅಪ್ಪ. “ಬರಕೋಬ್ಯಾಡ.”

ಅಲ್ಲಿಂದ ಮುಂದೆ ನಮ್ಮ ಮನೆಯ ನಿಯಮ ಇಷ್ಟೇ: ಅವ್ವ ತನಗೆ ತಾನು ಕೊಸರು ಹಾಕಿಕೊಳ್ಳುವಂತಿಲ್ಲ, ಬೇರೆಯವರು ಹಾಕಿದರೆ ಬೇಡ ಎನ್ನುವಂತಿಲ್ಲ. ಅದಕ್ಕಾಗಿ ಇಬ್ಬರೂ ಒಟ್ಟಿಗೆ ಕೂರಬೇಕಾಯಿತು. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ. ಅಪ್ಪನ ಕೈ ದೊಡ್ಡದು, ಮೊದಮೊದಲು ಆತನ ಕೊಸರೇ ಅಳತೆಯಷ್ಟಿರುತ್ತಿತ್ತು. ನಾನು ಗುಟ್ಟಾಗಿ ಫೋನ್ ಮಾಡಿ ಎರಡು ಬೆರಳಿಗೆ ಇಳಿಸಿದೆ. ಆ ಎರಡು ಬೆರಳಿನ ತುಣುಕನ್ನು ಅವ್ವನಿಗೆ ಹೇಳದೆ ಆ್ಯಪಿನಲ್ಲಿ ಅಂದಾಜಿನಿಂದ ಬರೆದುಕೊಂಡೆ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ. ನೋಟಬುಕ್ಕಿನ ಫೋಟೋಗಳು ಮತ್ತೆ ಬರತೊಡಗಿದವು, ಪೂರ್ತಿ ಸಹಿಯೊಂದಿಗೆ. ನಾನು ಬಸ್ಸಿನಲ್ಲಿ ಬರೆದುಕೊಂಡು ಹೋಗಿದ್ದ ಕ್ಷಮೆಯನ್ನು ಕೊನೆಗೂ ಹೇಳಲಿಲ್ಲ. ಮೊದಲ ಫೋಟೋ ಬಂದ ಸಂಜೆ ‘ಸರಿ ಐತಿ’ ಎಂದಷ್ಟೇ ಕಳಿಸಿದೆ. ಅದಕ್ಕೆ ಅವ್ವ, ‘ಮೊದಲೂ ಸರಿ ಇತ್ತು’ ಎಂದು ಉತ್ತರಿಸಿದಳು.

ಏಪ್ರಿಲ್‌ನಲ್ಲಿ ಕೊಪ್ಪಳಕ್ಕೆ ಹೋದೆವು. ಡಾಕ್ಟರು ಅವ್ವನನ್ನು ಮಶೀನಿನ ಮೇಲೆ ನಿಲ್ಲಿಸಿ, ಹಳೆಯ ಚೀಟಿ ನೋಡಿದರು. “ಆರೂವರೆ ಇಳದೀರಿ. ಛಲೋ ಮಾಡೀರಿ. ಆದ್ರ ನಾ ಹೇಳಿದ್ದು ಎಂಟು.”

ನಾನು ವಾದಕ್ಕೆ ಬಾಯಿ ತೆರೆದೆ. ಇಳಿದ ವೇಗ, ಉಳಿದ ದಿನ, ಎಲ್ಲ ಅಂಕಿ ನನ್ನ ಮೊಬೈಲಿನಲ್ಲಿತ್ತು. ಅವ್ವ ನನ್ನ ಮೊಣಕೈ ಹಿಡಿದು ತಡೆದಳು.

“ಅಳತಿ ಆರೂವರೆ ಐತ್ರಿ ಸಾಹೇಬ್ರ. ಉಳದದ್ದು ನೀವು ಕೊಸರು ಹಾಕ್ರಿ.”

ಡಾಕ್ಟರು ಅವ್ವನನ್ನು ಒಮ್ಮೆ ನೋಡಿ, ಜೋರಾಗಿ ನಕ್ಕರು. “ಕೊಸರು ಹಾಕಿದ್ರ ತೂಕ ಹೆಚ್ಚಾಗ್ತೈತೆಲ್ಲಬೇ!” ರಕ್ತದ ವರದಿ ತಿರುವಿ ಹಾಕಿದರು, ಸಕ್ಕರೆ ನೋಡಿದರು, ಬಿಪಿ ಇನ್ನೊಮ್ಮೆ ನೋಡಿದರು. ಪೆನ್ನು ತೆಗೆದು ಮೇ ತಿಂಗಳ ಒಂದು ತಾರೀಖು ಬರೆದರು. ವರದಿ ಚೆನ್ನಾಗಿದ್ದದ್ದರಿಂದಲೇ ಬರೆದರು, ಅವ್ವನ ಮಾತಿನಿಂದಲ್ಲ, ಎಂದು ನಾನು ಈಗಲೂ ವಾದಿಸಬಲ್ಲೆ. ಅವ್ವ ಮಾತ್ರ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ, “ಕೇಳಿದ್ರ ಕೊಡ್ತಾರ. ನಿನಗ ಕೇಳಾಕ ಬರಂಗಿಲ್ಲ, ಬರೇ ವಾದಾ ಮಾಡಾಕ ಬರ್ತೈತಿ,” ಎಂದಳು.

ಹೊಲಿಗೆ ನಿಂತಿತು. ಜೂನಿನಲ್ಲಿ ಶಾಲೆ ತೆರೆದಾಗ, ಪಾತ್ರೆ ಎತ್ತುವ ಕೆಲಸ ಇನ್ನೂ ಜೊತೆಯಾಕೆಯದೇ ಆಗಿದ್ದರೂ, ಸೌಟು ಅವ್ವನ ಕೈಯಲ್ಲೇ ಇತ್ತು.

ಇವತ್ತಿನದಕ್ಕೆ ಬರುತ್ತೇನೆ. ಹನ್ನೆರಡಕ್ಕೆ ಮನೆ ಮುಟ್ಟಿದೆ. ಅಪ್ಪನಿಗೆ ಭಾನುವಾರವೂ ಚೀಲದ ಲಾರಿ ಬಂದಿತ್ತಂತೆ, ಊಟಕ್ಕೆ ಬರುವುದಿಲ್ಲ ಎಂದು ಹೇಳಿಹೋಗಿದ್ದ. ಬದನೆಕಾಯಿ ಎಣಗಾಯಿ ನಾನೇ ಮಾಡಿದೆ. ತಕ್ಕಡಿಯನ್ನು ಅವ್ವ ಈಗಲೂ ಬಿಟ್ಟಿಲ್ಲ. ಏರಿದ ತೂಕದ ಮೇಲೆ ಹೊಲಿಗೆ ಬಿಚ್ಚೀತೆಂಬ ಹೆದರಿಕೆ ಇದೆ. ಹಾಗಾಗಿ ಎಲ್ಲವನ್ನೂ ತೂಗಿದೆ, ಅವ್ವನ ನೋಟಬುಕ್ಕಿನಲ್ಲಿ ನಾನೇ ಬರೆದೆ, ತಾಟಿಗೆ ಬಡಿಸಿ ಮುಂದಿಟ್ಟೆ. ನನ್ನ ತಾಟಿಗೂ ಹಾಕಿಕೊಂಡು ಎದುರಿಗೆ ಕೂತೆ.

ಅವ್ವ ಉಣ್ಣಲು ಶುರುಮಾಡಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ ಕೂತಿದ್ದಳು; ಆ ಕ್ಯಾಲೆಂಡರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನಾನು ನನ್ನ ತಾಟಿನಿಂದ ಒಂದು ಪುಟ್ಟ ಬದನೆಕಾಯಿ ಎತ್ತಿ ಆಕೆಯ ರೊಟ್ಟಿಯ ಮೇಲೆ ಇಟ್ಟೆ. ಅವ್ವ ಆಗ ಕ್ಯಾಲೆಂಡರಿನಿಂದ ಕಣ್ಣು ಕಿತ್ತು ರೊಟ್ಟಿ ಮುರಿದಳು.

“ಎಣ್ಣಿ ಭಾಳ ಹಾಕಿ,” ಎಂದಳು, ಮೊದಲ ತುತ್ತಿಗೇ. “ಬರದೀಯೇನ?”

“ಎಣ್ಣಿ ಬರದೀನಿ.”

ನೋಟಬುಕ್ಕು ಪಕ್ಕದಲ್ಲೇ ತೆರೆದಿತ್ತು, ಪೆನ್ನು ಅದರ ಮೇಲೇ ಇತ್ತು. ನಾನು ಎಡಗೈಯಿಂದ ಅದನ್ನು ಮುಚ್ಚಿದೆ.